ಬಿಸಿಲು ಇಳಿಯದ ತಿರುವಿನಲ್ಲಿ ತಾರಾ

ಹೊರಗೆ ಹುಲ್ಲು ಬೆಳ್ಳಗಾಗಿ ಸೆಟೆದು ನಿಂತಿದೆ. ಆದರೂ ತಾರಾ ಲಾರಿಯ ಕಿಟಕಿ ಗಾಜನ್ನು ಪೂರ್ತಿ ಇಳಿಸಿಯೇ ಓಡಿಸುತ್ತಾರೆ. ಕಿವಿ ಮರಗಟ್ಟಿದರೂ ಏರಿಸುವುದಿಲ್ಲ. ಟೈರು ರಸ್ತೆಯನ್ನು ಉಜ್ಜುವ ಕರಕರ ಸದ್ದು ಕೇಳಿಸುತ್ತಿರುವವರೆಗೆ ಭಯವಿಲ್ಲ. ಆ ಸದ್ದು ತೆಳುವಾಗಿ ನಿಂತೇಹೋಯಿತೆಂದರೆ ಟೈರಿನ ಕೆಳಗಿರುವುದು ಡಾಂಬರಲ್ಲ, ಕಣ್ಣಿಗೆ ಕಾಣದ ಮಂಜುಗಡ್ಡೆ.

"ಗದ್ದಲ ಇದ್ರ ಚಲೋರಿ. ಸುಮ್ಮನಾತಂದ್ರ ಗಾಡಿ ನನ್ನ ಕೈಯಾಗಿಲ್ಲ ಅಂತ ತಿಳ್ಕೊಬೇಕು" ಅನ್ನುತ್ತಾರೆ ತಾರಾ.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಸೆಂಟ್ರಲ್ ಒಟಾಗೋ. ಎಲೆ ಉದುರುವ ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಪುಟ್ಟ ಊರುಗಳ ರಸ್ತೆಗಳು ಅರಿಶಿನ ಚೆಲ್ಲಿದಂತಾಗುತ್ತವೆ. ಕಲ್ಲು ಕಟ್ಟಡದ ಹಳೇ ಅಂಚೆ ಕಚೇರಿ, ಮಾರುದ್ದದ ಕಾಫಿ ಅಂಗಡಿ, ಅದರಾಚೆ ಸಾಲು ಪಾಪ್ಲರ್ ಮರಗಳು. ಆಕ್ಲೆಂಡಿನಿಂದ ವಿಮಾನದಲ್ಲಿ ಬಂದು, ಬಾಡಿಗೆ ಕಾರು ಹಿಡಿದು, ಊರಿಂದೂರಿಗೆ ಸುತ್ತುತ್ತ ಫೋಟೊ ಹಾಕುವ ಕನ್ನಡಿಗರಿಗೆ ಕೊರತೆಯಿಲ್ಲ. ಫೋಟೊ ನೋಡಿ ಆಹಾ ಅನ್ನುವವರಿಗೂ ಇಲ್ಲ. ತೆಗೆದವರು ಜೀವಸಹಿತ ಮನೆ ಮುಟ್ಟಿದ್ದು ಹೇಗೆ ಎಂದು ಒಬ್ಬನಾದರೂ ಕೇಳಿದ್ದಾನೆಯೇ? ಬಣ್ಣದ ಎಲೆಗೆ ಹೆಸರಿದೆ. ಅದರಡಿಯ ರಸ್ತೆಗೆ, ಚಕ್ರ ಜಾರದಿರಲೆಂದು, ನಸುಕಿನಲ್ಲಿ ಹುಡಿಜಲ್ಲಿ ಎರಚಿದ ಹೆಂಗಸಿಗೆ ಇಲ್ಲ.

ತಾರಾ ಹಾವೇರಿ ಕಡೆಯವರು. ತೋಟಗಾರಿಕೆ ಓದಲೆಂದು ಉತ್ತರ ದ್ವೀಪದ ಟೌರಂಗಾಕ್ಕೆ ಬಂದರು. ಕಿವಿಹಣ್ಣಿನ ಪ್ಯಾಕಿಂಗ್ ಶೆಡ್ಡಿನಲ್ಲಿ ನಿಂತು ನಿಂತು ಮೊಣಕಾಲು ಸವೆದ ಮೇಲೆ, ಚೆರ್ರಿ ತೋಟದ ಕೆಲಸ ಹುಡುಕಿಕೊಂಡು ಗಂಡನೊಂದಿಗೆ ದಕ್ಷಿಣಕ್ಕೆ ಇಳಿದರು. ತೋಟದಲ್ಲಿ ಟ್ರ್ಯಾಕ್ಟರ್ ಓಡಿಸಿದ್ದು ಲಾರಿ ಲೈಸೆನ್ಸಿಗೆ ದಾರಿಯಾಯಿತು. ಈಗ ರಸ್ತೆ ನೋಡಿಕೊಳ್ಳುವ ಗುತ್ತಿಗೆದಾರರ ಬಳಿ ಚಾಲಕಿ. ಹಿಮಗಟ್ಟುವ ರಾತ್ರಿ ಕಳೆದು ಊರು ಏಳುವುದಕ್ಕೆ ಮೊದಲು ಲಾರಿ ತುಂಬ ಜಲ್ಲಿ ಹೇರಿಕೊಂಡು, ನೆರಳಿನ ಜಾಗಗಳನ್ನೆಲ್ಲ ಮುಗಿಸಿ ಬರಬೇಕು. ಒಂದು ಸುತ್ತಿಗೆ ನೂರು ಕಿಲೋಮೀಟರ್ ಹತ್ತಿರ. ಇಲ್ಲೇ ಹುಟ್ಟಿದ ಮಗಳು ಕೃತಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಮ್ಮ ಬೂಟಿನ ಲೇಸನ್ನು ಎರಡೆರಡು ಸಲ ಬಿಚ್ಚಿ ಕಟ್ಟುವುದನ್ನು ನೋಡಿ, "ಮಮ್, ಇಟ್ಸ್ ಜಸ್ಟ್ ಅ ರೋಡ್" ಅನ್ನುತ್ತಾಳೆ.

ಬರೀ ರಸ್ತೆ ಹೌದು. ಆದರೆ ಅದರಲ್ಲೊಂದು ತಿರುವಿದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಆಳದಲ್ಲಿ ಹಸಿರು ನದಿ. ಹಗಲು ಹತ್ತಾಗುವವರೆಗೆ ಅಲ್ಲಿಗೆ ಬಿಸಿಲು ಇಳಿಯುವುದಿಲ್ಲ. ಮೇಲಿನ ಮರಗಳು ಎಲೆಯನ್ನೆಲ್ಲ ಅಲ್ಲಿಗೇ ಸುರಿಯುತ್ತವೆ. ಎಲೆಯ ಮೇಲೆ ಇಬ್ಬನಿ ಬಿದ್ದು ಗಟ್ಟಿಯಾದರೆ ಜಲ್ಲಿಯೂ ಕಚ್ಚುವುದಿಲ್ಲ. ಎಲ್ಲರಿಗೂ ಕಾರು ನಿಲ್ಲಿಸಿ ಫೋಟೊ ತೆಗೆಯಬೇಕೆನ್ನಿಸುವುದೂ ಅಲ್ಲೇ. ಆ ತಿರುವಿಗೆ ತಾರಾ ಲಾರಿಯ ಮುಖ ಕೊಟ್ಟು ಇಳಿಯುವುದಿಲ್ಲ. ಮೇಲಿನ ಅಗಲ ಜಾಗದಲ್ಲಿ ತಿರುಗಿಸಿಕೊಂಡು ಹಿಮ್ಮುಖವಾಗಿ ಇಳಿಸುತ್ತಾರೆ. ಜಲ್ಲಿ ಬೀಳುವುದು ಲಾರಿಯ ಹಿಂಬದಿಯಿಂದ. ಮೊದಲು ಜಲ್ಲಿ ಬೀಳುತ್ತದೆ, ಆಮೇಲೆ ಅದರ ಮೇಲೆ ತನ್ನದೇ ಚಕ್ರ ಏರುತ್ತದೆ.

ಈ ಸೋಮವಾರ ಹಾಗೆ ಹಿಂದಕ್ಕೆ ಇಳಿಯಲು ಶುರು ಮಾಡಿದಾಗ ಮುಖ ಏರಿನ ಕಡೆಗಿದೆ. ಊರಿನ ದಿಕ್ಕಿನಿಂದ, ಗುಡ್ಡದ ನೆತ್ತಿಯಲ್ಲಿ ಎರಡು ದೀಪ ಕಾಣುತ್ತವೆ. ಅವು ಯಾರವೆಂದು ಆಕೆಗೆ ತಕ್ಷಣ ಗೊತ್ತಾಗುತ್ತದೆ.

ಹಿಂದಿನ ಸಂಜೆ ಊರಿನ ಡೇರಿಯಲ್ಲಿ, ಅಂದರೆ ಹಾಲಿನಿಂದ ಹಿಡಿದು ಪತ್ರಿಕೆವರೆಗೆ ಎಲ್ಲ ಸಿಗುವ ಮೂಲೆ ಅಂಗಡಿಯಲ್ಲಿ, ಒಂದು ಕುಟುಂಬ ಸಿಕ್ಕಿತ್ತು. ಆಕ್ಲೆಂಡಿನ ನ್ಯೂ ಲಿನ್‌ನ ಇಂಜಿನಿಯರ್ ಉದಯಶಂಕರ್, ಹೆಂಡತಿ ಸಂಯುಕ್ತಾ, ಇಬ್ಬರು ಮಕ್ಕಳು, ಮೈಸೂರಿನಿಂದ ಬಂದಿರುವ ತಂದೆ ವಾಸುದೇವ್. ಅಂಗಡಿಯ ಮುಂದೆ ಅವರ ಬಾಡಿಗೆಯ ಬಿಳಿ ವ್ಯಾನು ನಿಂತಿತ್ತು. ಕನ್ನಡ ಕಿವಿಗೆ ಬಿದ್ದೊಡನೆ ತಾರಾ ತಾವಾಗಿ ಮಾತಾಡಿಸಿದ್ದರು.

"ನಾಳೆ ಎಷ್ಟೊತ್ತಿಗೆ ಹೊಂಡ್ತೀರಿ?"

"ಏಳಕ್ಕೆಲ್ಲ ಬಿಟ್ಬಿಡ್ತೀವಿ ಮೇಡಂ" ಅಂದ ಉದಯಶಂಕರ್.

"ಹತ್ತರ ಮ್ಯಾಲೆ ಹೊಂಡ್ರಿ. ಕೆಳಗ ರಸ್ತಿ ಸರಿ ಇರಂಗಿಲ್ಲ."

"ಸೋಮವಾರ ಕಣಮ್ಮ" ಅಂದರು ವಾಸುದೇವ್. "ಏಳೂವರೆಯಿಂದ ರಾಹುಕಾಲ. ಅಷ್ಟರೊಳಗೆ ಹೊಸ್ತಿಲು ದಾಟಿಬಿಡ್ಬೇಕು."

"ಮಾವ, ರಾಹು ನೋಡೋದು ಮೈಸೂರು ಟೈಮೋ, ಇಲ್ಲಿನ ಟೈಮೋ?" ಸಂಯುಕ್ತಾ ಕೆಣಕಿದಳು.

"ನಿನ್ನ ಫೋನಲ್ಲಿ ಯಾವ್ದಿದ್ಯೋ ಅದೇ. ನೀನು ಚಿತ್ರಾನ್ನ ಕಲಸು, ಸಾಕು."

"ಒಂಬತ್ತಕ್ಕ ರಾಹು ಹೋದ ಮ್ಯಾಲರ ಹೊಂಡ್ರಲ್ಲ ಅಂಕಲ್."

"ಒಂಬತ್ತಕ್ಕೆ ಹೊರಟು ಬಿಸಿಲಲ್ಲಿ ಬೇಯೋದಾ?"

"ಈ ಊರ ಬಿಸಲಾಗ ಹಪ್ಪಳ ಸೈತ ಒಣಗಂಗಿಲ್ಲ" ಎಂದು ತಾರಾ ನಕ್ಕರು. ಅವರೂ ನಕ್ಕರು. ಮಾತು ಅಲ್ಲಿಗೇ ಮುಗಿಯಿತು.

ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಹೊರಡುವುದು ನಮ್ಮವರ ರಕ್ತದಲ್ಲೇ ಇದೆ. ತಂಪು ಹೊತ್ತಿನಲ್ಲಿ ದಾರಿ ಸಾಗುತ್ತದೆ, ಲಾರಿ ಬಸ್ಸುಗಳ ಕಾಟವಿಲ್ಲ. ಅಲ್ಲಿಗೆ ಅದು ಸರಿ. ಇಲ್ಲಿ ಆ ತಂಪೇ ಕೊಲ್ಲುತ್ತದೆ. ಸಮುದ್ರ ದಾಟಿ ಬಂದವರು ಉಪ್ಪಿನಕಾಯಿ ತಂದಂತೆ ಹೊರಡುವ ಹೊತ್ತನ್ನೂ ತಂದಿರುತ್ತಾರೆ. ಬೇಡವೆಂದು ಹೇಳಿದರೆ ಹೇಳಿದವರೇ ಹೆದರುಪುಕ್ಕಲರು.

ದೀಪಗಳು ಕೆಳಗಿಳಿಯುತ್ತಿವೆ. ಜೋರಾಗೇನೂ ಇಲ್ಲ. ತಾರಾ ರೇಡಿಯೋದಲ್ಲಿ ರಸ್ತೆ ಮುಚ್ಚಲು ಕೇಳುತ್ತಾರೆ. ಆ ಕಡೆಯವರು ಆಗಲಿ ಅನ್ನುತ್ತಾರೆ, ಆದರೆ ರಸ್ತೆಗೆ ಅಡ್ಡ ಹಾಕುವ ಗೇಟಿನ ಹತ್ತಿರ ಜನ ಬರಲು ಹೊತ್ತು ಬೇಕು. ತಿರುವಿನ ಅರ್ಧಕ್ಕೂ ಇನ್ನೂ ಜಲ್ಲಿ ಬಿದ್ದಿಲ್ಲ. ಆಕೆ ಈಗಷ್ಟೇ ಎರಚಿದ ಜಲ್ಲಿಯ ಮೇಲೆಯೇ ಲಾರಿಯನ್ನು ಮುಂದಕ್ಕೆ ಹತ್ತಿಸುತ್ತಾರೆ. ತಿರುವಿನ ಬಾಯಿಯಲ್ಲಿ ಹಿಂಬದಿ ಏರಿನ ಕಡೆಗೆ ಬರುವಂತೆ ತಿರುಗಿಸಿ, ಜಲ್ಲಿಯ ಬಾಗಿಲನ್ನು ಪೂರ್ತಿ ತೆರೆಯುತ್ತಾರೆ. ರಾಶಿ ಸುರಿಯುತ್ತದೆ. ಆಮೇಲೆ ಲಾರಿಯನ್ನು ರಸ್ತೆಗೆ ಅಡ್ಡ ನಿಲ್ಲಿಸಿ, ಹಳದಿ ದೀಪಗಳನ್ನೆಲ್ಲ ಹಾಕಿ, ಹಾರ್ನ್ ಒತ್ತುತ್ತಾರೆ. ವ್ಯಾನು ಜಾರಿದರೆ ಲಾರಿಗೆ ಬಡಿಯಲಿ, ನದಿಗೆ ಬೀಳುವುದು ಬೇಡ. ಇಳಿದು ದೂರ ನಿಲ್ಲಬೇಕು, ನಿಯಮ ಅದು. ಆಕೆ ಇಳಿಯುವುದಿಲ್ಲ.

"ಓಡಬೇಕಂತ ಅನಿಸ್ತು. ಹಾರ್ನ್ ಬಿಡಾಕ ಆಗಲಿಲ್ರಿ. ಕುಂತಲ್ಲೇ ಕುಂತೆ."

ಬಿಳಿ ವ್ಯಾನಿನ ಬ್ರೇಕ್ ದೀಪದ ಕೆಂಪು ಹಿಂದಿನ ಇಬ್ಬನಿಯ ಮೇಲೆ ಬೀಳುತ್ತದೆ. ಮರುಗಳಿಗೆ ವ್ಯಾನು ತನ್ನ ಪಾಡಿಗೆ ತಾನು ಓರೆಯಾಗಿ, ಸದ್ದೇ ಇಲ್ಲದೆ, ಎಲೆಗಳ ಮೇಲೆ ತೇಲುತ್ತ ಬರುತ್ತದೆ. ಕಿಟಕಿಯಲ್ಲಿ ಮಗುವಿನ ಮುಖ ಕಾಣುತ್ತದೆ, ತಾರಾ ಕಣ್ಣು ಮುಚ್ಚುತ್ತಾರೆ. ಜಲ್ಲಿಯ ಮೇಲೆ ಚಕ್ರ ಕರಕರಗುಟ್ಟುತ್ತದೆ. ಆಮೇಲೆ ಒಂದು ಧಡ್.

ಲಾರಿಗೆ ಏನೂ ತಗಲಿಲ್ಲ. ವ್ಯಾನಿನ ಹಿಂಚಕ್ರಗಳು ಗುಡ್ಡದ ಬದಿಯ ಚರಂಡಿಗೆ ಇಳಿದಿವೆ, ಮುಂಚಕ್ರಗಳು ಜಲ್ಲಿರಾಶಿಯಲ್ಲಿ ಹೂತಿವೆ. ಹಾರ್ನ್ ಮಾತ್ರ ಕೂಗುತ್ತಲೇ ಇದೆ. ಸಂಯುಕ್ತಾ ಲಾರಿಯ ಮೆಟ್ಟಿಲು ಹತ್ತಿ ಬಾಗಿಲು ತೆರೆದು, ತಾರಾ ಅವರ ಕೈಯನ್ನು ಹಾರ್ನಿನ ಮೇಲಿಂದ ಬಿಡಿಸಿದ ಮೇಲೆ ಅದು ನಿಲ್ಲುತ್ತದೆ.

"ಎಲ್ಲರೂ ಸರಿಯಾಗಿದ್ದೀವಿ ಅಕ್ಕಾ. ಬಿಡಿ. ಕೈ ಬಿಡಿ."

"ಮೆಲ್ಲಗೇ ಬರ್ತಿದ್ದೆ ಮೇಡಂ" ಅನ್ನುತ್ತಾನೆ ಉದಯಶಂಕರ್. ಮುಖ ಸುಣ್ಣದಂತಾಗಿದೆ. "ನೀವು ಹೇಳಿದ್ರಲ್ಲ, ಅದಕ್ಕೇ ತುಂಬಾ ಮೆಲ್ಲಗೆ."

"ಅದಕ್ಕ ಉಳದ್ರಿ" ಅನ್ನುತ್ತಾರೆ ತಾರಾ.

ಎಳೆಯುವ ಗಾಡಿ ಬರುವವರೆಗೆ ಎಲ್ಲರೂ ರಸ್ತೆಯಿಂದಾಚೆ ಗುಡ್ಡದ ಮಗ್ಗುಲಲ್ಲಿ ಕೂರುತ್ತಾರೆ. ವಾಸುದೇವ್ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಾರೆ. "ರಾಹುಕಾಲ ಪೂರ್ತಿ ಬೀದಿಯಲ್ಲೇ ಕೂತು ಕಳೆಯೋ ಹಾಗಾಯ್ತಲ್ಲ" ಎಂದು ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ಆಮೇಲೆ ತಾರಾ ಕಡೆ ತಿರುಗುತ್ತಾರೆ. "ದಿನಾ ಬರ್ತೀಯಲ್ಲ ತಾಯಿ, ಭಯ ಆಗಲ್ವಾ?"

"ಆಗ್ತೈತಿ ಅಂಕಲ್. ಆಗದ ದಿನ ಲಾರಿ ಕೀಲಿ ಕೊಟ್ಟು ಮನಿಗೆ ಹೋಗ್ತೀನಿ."

ವ್ಯಾನು ಎಳೆದಾದ ಮೇಲೆ, ಬಿಟ್ಟುಳಿದ ಅರ್ಧ ತಿರುವಿಗೆ ತಾರಾ ಮತ್ತೆ ಹಿಂದಕ್ಕೆ ಇಳಿಯುತ್ತಾರೆ. ಈ ಸಲ ಮೊದಲಿಗಿಂತ ನಿಧಾನ. ನಾಳೆಯೂ ಇದೇ ಕೆಲಸ, ಇದೇ ಭಯ. ಇಷ್ಟೆಲ್ಲ ಮಾಡುವವರಿಗೆ ಏನು ಬೇಕು ಎಂದು ಕೇಳಿದರೆ ನಾಚಿಕೊಂಡು ಕೈಗವಸು ಸರಿಪಡಿಸುತ್ತಾರೆ.

"ನನಗೇನ ಬೇಕ್ರಿ. ಬಂದವ್ರು ಎಲಿ ನೋಡ್ಲಿ, ಫೋಟೊ ತಗೀಲಿ. ಬಿಸಲು ರಸ್ತಿಗೆ ಇಳಿಯೂತನಕ ಮಾತ್ರ ಹೊದ್ದು ಮಲಗ್ಲಿ. ಅಷ್ಟೊತ್ತು ಎದ್ದು ಹೆದರಾಕ ನಾ ಅದೀನಲ್ಲ."