ಹಳದಿ ಗೂಡಿನೊಳಗಿನ ಅಜ್ಜ

ಇವತ್ತು ಸಂಜೆಯಿಂದ ಟಿ.ವಿ.ಯಲ್ಲಿ ಡಿಎನ್ಎ ಕಂಡುಹಿಡಿದ ದಿನದ ಸಂಭ್ರಮ. ತಿರುಚಿದ ಏಣಿಯಂಥದ್ದೊಂದು ಗಿರಗಿರ ಸುತ್ತುತ್ತಿದೆ, ಸೂಟು ಹಾಕಿದವರು ಚಪ್ಪಾಳೆ ತಟ್ಟುತ್ತಿದ್ದಾರೆ. ಏಳನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದ ನನಗೆ ರೇಗಿಹೋಯಿತು. ಇದನ್ನೇ ಸ್ವಾಮಿ, ಎಪ್ಪತ್ತರ ದಶಕದಲ್ಲಿ ನಮ್ಮ ರೇಷ್ಮೆ ಹುಳದ ಮನೆಯಲ್ಲಿ ಕಂಡಿದ್ದೆ. ಚಪ್ಪಾಳೆ ಇರಲಿ, ಬೈಗುಳ ಬಿತ್ತು. ಅದೂ ನನ್ನ ಹೆಂಡತಿಗೆ.

ಹಲಗೂರಿನ ಹತ್ತಿರ ನಮ್ಮೂರು. ಮನೆಗೆ ಯಜಮಾನ ಚಿಕ್ಕಪ್ಪ. ಹುಳಕ್ಕೆ ಸೊಪ್ಪು ಕೊಯ್ಯುವುದು, ಹೊರುವುದು, ಕತ್ತರಿಸುವುದು ನಾನು. ನನ್ನಷ್ಟು ಸಣ್ಣಗೆ ಸೊಪ್ಪು ಕತ್ತರಿಸುವವನು ಮಳವಳ್ಳಿ ತಾಲ್ಲೂಕಿನಲ್ಲಿದ್ದರೆ ಕರೆದುಕೊಂಡು ಬನ್ನಿ, ಈಗಲೂ ಪಂದ್ಯಕ್ಕೆ ಕೂರುತ್ತೇನೆ. ಇರಲಿ. ಆ ಸಲ ಸರ್ಕಾರದ ಮಿಶ್ರತಳಿ ಮೊಟ್ಟೆ ತಂದು ಸಾಕಿದ್ದೆವು. ಗೂಡು ಅಚ್ಚಿನಲ್ಲಿ ಎರೆದ ಹಾಗೆ ಬಂತು, ಎಲ್ಲವೂ ಹಳದಿ.

"ಇಂಥಾ ಗೂಡು ಮನೇಲೇ ಇರುವಾಗ ಮೊಟ್ಟೆಗೆ ಯಾಕ್ಲಾ ಅವರ ಬಾಗಿಲಿಗೆ ಓಗ್ಬೇಕು?" ಎಂದ ಚಿಕ್ಕಪ್ಪ, ಒಳ್ಳೊಳ್ಳೆ ಗೂಡು ಆರಿಸಿ, ಚಿಟ್ಟೆ ಹೊರಬರುವ ತನಕ ಕಾದು, ಮನೆಯಲ್ಲೇ ಮೊಟ್ಟೆ ಇಡಿಸಿದರು. ಅದೇ ಹೊತ್ತಿಗೆ ನನ್ನ ಮದುವೆಯೂ ಆಯಿತು. ಹುಡುಗಿ ಆತಗೂರಿನವಳು.

ಆ ಮನೆಮೊಟ್ಟೆಯಿಂದ ಬಂದ ಬೆಳೆಯ ಚಂದ ಏನು ಹೇಳಲಿ! ಒಂದು ಹುಳ ಹಣ್ಣಾಗಿ ಗೂಡು ಕಟ್ಟುತ್ತಿದ್ದರೆ ಪಕ್ಕದ್ದು ಇನ್ನೂ ಸೊಪ್ಪು ಮೇಯುತ್ತಿತ್ತು. ಹಳದಿ ಗೂಡುಗಳ ನಡುನಡುವೆ ಬಿಳಿಯವು, ಹಲ್ಲು ಕಿಸಿದ ಹಾಗೆ.

"ನಿನ್ನೆಂಡ್ತಿ ಮುಟ್ಟಾಗಿ ಹುಳದ ಮನೆಗೆ ಕಾಲಿಟ್ಟವ್ಳೆ ಕಣ್ಲಾ. ತೌರಿಗೆ ಕಳಿಸ್ಬುಡು!" ಎಂದು ಚಿಕ್ಕಪ್ಪ ನನ್ನ ಮೇಲೆ ಹರಿಹಾಯ್ದರು.

"ನಾನು ಒಳಕ್ಕೇ ಬಂದಿಲ್ಲ ಮಾವ" ಎಂದಳು ಇವಳು.

"ಎದುರು ಮಾತು ಬೇರೆ!"

ಅವಳ ಟ್ರಂಕು ಜಗಲಿಗೆ ಬಂತು. ನಾನು ಬಿಳಿ ಗೂಡುಗಳನ್ನು ಟವೆಲಿಗೆ ಕಟ್ಟಿಕೊಂಡು ಮಳವಳ್ಳಿ ಬಸ್ಸು ಹತ್ತಿದೆ. ರೇಷ್ಮೆ ಆಫೀಸಿನ ಸಾಹೇಬರು ನೋಡಿ ನಕ್ಕರು.

"ಅಲ್ಲಯ್ಯಾ, ಈ ಹುಳದ ಅಜ್ಜಿ ನಮ್ಮ ಕಡೆಯ ಹಳದಿ ಗೂಡಿನದು, ಅಜ್ಜ ಹೊರಗಿನ ಬಿಳಿ ಗೂಡಿನದು. ಮಕ್ಕಳಲ್ಲಿ ಹಳದಿ ಬಿಳಿಯನ್ನ ಮುಚ್ಚಿಡುತ್ತೆ, ಮೊಮ್ಮಕ್ಕಳಲ್ಲಿ ಅಜ್ಜ ಎದ್ದು ಬರ್ತಾನೆ. ಮಿಶ್ರತಳಿ ಗೂಡಿನಿಂದ ಮೊಟ್ಟೆ ಮಾಡ್ತಾರೇನಯ್ಯಾ ಯಾರಾದ್ರೂ?"

ಬಂದು ಸಾಹೇಬರ ಮಾತನ್ನು ಹಾಗೇ ಒಪ್ಪಿಸಿದೆ. ಚಿಕ್ಕಪ್ಪ ಮೀಸೆ ತಿರುವಿದರು. "ಹುಳಕ್ಕೂ ಅಜ್ಜ ಅವ್ನಾ? ಸರಿ, ಟ್ರಂಕು ಒಳೀಕಿಡು ಕಣ್ಲಾ." ಅಷ್ಟೇ. ಇವಳ ಕಡೆ ತಿರುಗಿಯೂ ನೋಡಲಿಲ್ಲ.

ಈಗ ಟಿ.ವಿ. ತೋರಿಸಿ ಅವಳಿಗೆ ಜಂಬದಿಂದ ಹೇಳಿದೆ: "ನೋಡೇ, ಅವತ್ತು ನಿನ್ನ ಮಾನ ಉಳಿಸಿದ್ದು ಇದೇ ಕಣೆ."

ಅವರೆಕಾಳು ಹಿತುಕುತ್ತಿದ್ದವಳು ಕೈ ನಿಲ್ಲಿಸಿದಳು. "ಒಳಕ್ಕೆ ಬಂದಿಲ್ಲ ಅಂತ ನಾನು ಅವತ್ತೇ ಯೋಳಿದ್ನಲ್ಲ. ಅದನ್ನ ನಂಬಕ್ಕೆ ಹುಳದ ಅಜ್ಜ ಬಂದು ಸಾಕ್ಷಿ ಯೋಳ್ಬೇಕಾಗಿತ್ತಾ?"

ಉತ್ತರ ನಿಮ್ಮ ಹತ್ತಿರವಿದ್ದರೆ ಬೇಗ ಹೇಳಿ. ಅವಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಾಳೆ.