ಎರಡು ಕಡೆಯಿಂದ ಎಳೆದ ಹುಡ್ಡು

ನಮ್ಮ ಯಜಮಾನರು ಆ ಕಾರು ತಂದ ದಿನದಿಂದಲೂ ನನಗೂ ಅದಕ್ಕೂ ಆಗಿಬರಲಿಲ್ಲ. ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ ಮಾಡುವ ಮನೆಗೆ ಬೇಕಾದದ್ದು ಒಂದು ಜೀಪು. ಇವರು ತಂದದ್ದು ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಯಾವ ಕಾಲದಲ್ಲೋ ವಿಲಾಯಿತಿಯಿಂದ ಬಂದು, ಯಾರೋ ಕಾಫಿ ತೋಟದವರು ಓಡಿಸಿ ಸಾಕಾಗಿ ಶೆಡ್ಡಿನಲ್ಲಿ ನಿಲ್ಲಿಸಿದ್ದ ಗಾಡಿ. ಅದಕ್ಕೆ ತಗಡಿನ ಮಾಡು ಇರಲಿಲ್ಲ. ಬೇಕಾದಾಗ ಎತ್ತಿ ಬೇಡವಾದಾಗ ಹಿಂದಕ್ಕೆ ಮಡಚುವ ಬಟ್ಟೆಯ ಹುಡ್ಡು ಇತ್ತಂತೆ. ನಮ್ಮಲ್ಲಿಗೆ ಬರುವಷ್ಟರಲ್ಲಿ ಅದನ್ನು ಇಲಿ ತಿಂದು, ಬರೀ ಕಬ್ಬಿಣದ ಕಮಾನುಗಳು ಉಳಿದಿದ್ದವು. ಇವರು ಅದರಲ್ಲಿ ಹೊನ್ನಾಳಿಗೆ ವ್ಯಾಪಾರಕ್ಕೆ ಹೋಗಿ ಕೆಂಪು ಧೂಳು ಮೆತ್ತಿಕೊಂಡು ಬರುವರು, ಆ ಧೂಳಿನ ಬಟ್ಟೆಯನ್ನು ಕಲ್ಲಿಗೆ ಕುಕ್ಕುವವಳು ನಾನು.

ಹುಡ್ಡಿನ ಮಾತು ಹುಟ್ಟಿದ್ದು ನನ್ನ ತಂಗಿಯ ಸೀಮಂತದಲ್ಲಿ. ನನ್ನ ತವರು ಜಗಳೂರು. ಮಳೆ ಅಂದರೆ ಆಕಾಶ ನೋಡಿ ಕೂರುವ ಸೀಮೆ. ಆದರೂ ಆ ದಿನ ದಾವಣಗೆರೆ ದಾಟುತ್ತಲೇ ಹಿಡಿದ ಮಳೆ ಊರು ಮುಟ್ಟುವವರೆಗೂ ಬಿಡಲಿಲ್ಲ. ರೇಷ್ಮೆ ಸೀರೆಯ ಬಣ್ಣ ನನ್ನ ಮೊಣಕಾಲಿಗೆಲ್ಲ ಇಳಿದಿತ್ತು. ನಮ್ಮಣ್ಣ, ಜಗಳೂರಲ್ಲಿ ಸ್ವಂತ ಲಾರಿ ಇಟ್ಟುಕೊಂಡವನು, ಬಾಗಿಲಲ್ಲೇ ನಿಂತಿದ್ದ. ಚಪ್ಪರದಲ್ಲಿದ್ದ ಬೀಗರೆಲ್ಲ ಕೇಳುವಂತೆ ಕೂಗಿದ.

"ಸೂರಿಲ್ದ ಮನಿಗೆ ಹೆಣ್ಣು ಕೊಡಬಾರ್ದು ಅಂತ ಹಿರೇರು ಹೇಳಿದ್ರು. ಸೂರಿಲ್ದ ಗಾಡಿ ಇರೋನಿಗೆ ಕೊಡಬಾರ್ದು ಅಂತ ಯಾರೂ ಹೇಳಿರ್ಲಿಲ್ಲ ನೋಡ್ರಿ!"

ಎಲ್ಲರೂ ನಕ್ಕರು. ನನ್ನ ಗಂಡ ಕೈಕಾಲು ತೊಳೆಯಲು ಕೊಟ್ಟ ಚೊಂಬನ್ನೂ ಮುಟ್ಟಲಿಲ್ಲ. ಊಟ ಮಾಡದೆ ತಿರುಗಿ ಹೊರಟರು. ದಾರಿಯುದ್ದಕ್ಕೂ ಒಂದೇ ಮಾತು: "ನಿಮ್ಮಣ್ಣ ಹಮಾಲ. ಹಮಾಲನ ಬಾಯಿ ಅದು." ನಾನು ಹಸಿದಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಆಮೇಲೆ ಇವರು ಬೊಂಬಾಯಿಯಿಂದ ರೆಡಿಮೇಡ್ ಹುಡ್ಡು ತರಿಸಿದರು. ಕಾರು ಮಾಡಿದ ಕಂಪನಿಯದಲ್ಲ, ಅಂಥ ಕಾರುಗಳ ಅಳತೆ ಹಿಡಿದು ಬೇರೆ ಯಾರೋ ಹೊಲಿದದ್ದು. ಗೋಣಿಪಟ್ಟೆ ಸುತ್ತಿದ ಪಾರ್ಸೆಲ್ ಬಿಚ್ಚಿದಾಗ ಕಪ್ಪು ಕ್ಯಾನ್‌ವಾಸು, ನಡುವೆ ಉದ್ದಕ್ಕೊಂದು ದಪ್ಪ ಹೊಲಿಗೆ, ಹಿಂದಕ್ಕೆ ಪ್ಲಾಸ್ಟಿಕ್ ಕಿಟಕಿ. ಚೆನ್ನಾಗಿಯೇ ಇತ್ತು. ಇವರು ಅದನ್ನು ಅಂಗಳದಲ್ಲಿ ಹರಡಿ, ದೇವರ ಪಟಕ್ಕೆ ಕೈ ಮುಗಿಯುವಷ್ಟು ಹೊತ್ತು ನಿಂತು ನೋಡಿದರು.

"ಈ ಪಂಚಮಿಗೆ ಇದರಾಗೇ ನಿನ್ನ ಜಗಳೂರಿಗೆ ಕರ್ಕೊಂಡು ಹೋಗ್ತೀನಿ. ನಿಮ್ಮಣ್ಣ ಕಣ್ಣು ಬಿಟ್ಟು ನೋಡ್ಲಿ," ಅಂದರು.

ಪಂಚಮಿಗೆ ಹೆಣ್ಣುಮಗಳನ್ನು ಕರೆದೊಯ್ಯಲು ಅಣ್ಣನೇ ಬರುವುದು ನಮ್ಮಲ್ಲಿಯ ಪದ್ಧತಿ. ಹಬ್ಬ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಅವನೂ ಬಂದ. ಆ ಹೊತ್ತಿಗೆ ಸರಿಯಾಗಿ ಇವರು ಅಂಗಳದಲ್ಲಿ ಹುಡ್ಡಿನ ಜೊತೆ ಗುದ್ದಾಡುತ್ತಿದ್ದರು. ಹಿಂದಿನ ಅಂಚಿನ ಟಿಚ್ ಬಟನ್‌ಗಳನ್ನು ಹಾಕಿ ಆಗಿತ್ತು. ಬಟ್ಟೆಯನ್ನು ಕಮಾನುಗಳ ಮೇಲಿಂದ ಮುಂದಕ್ಕೆಳೆದು, ಮುಂದಿನ ಗಾಜಿನ ಮೇಲೆ ಕೊಕ್ಕೆ ಹಾಕಿ ಕೂರಿಸುವ ಮರದ ಪಟ್ಟಿಗೆ ಮೊಳೆ ಹೊಡೆಯಬೇಕಿತ್ತು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಬಲಗಡೆ ಎಳೆದರೆ ಎಡಗಡೆ ಸಡಿಲ, ಎಡಗಡೆ ಎಳೆದರೆ ಬಲಗಡೆ ಸಡಿಲ.

ಅಣ್ಣ ಚೀಲ ಕೆಳಗಿಡಲಿಲ್ಲ. "ನಡಿ ತಂಗಿ, ಹತ್ತೂವರೆ ಬಸ್ಸಿಗೆ ಹೋಗೋಣ."

"ಅವಳು ಬಸ್ಸಿಗೆ ಬರಲ್ಲ," ಇವರು ತಲೆ ಎತ್ತದೆ ಅಂದರು. "ನನ್ನ ಕಾರಿನಾಗೆ ಬರ್ತಾಳೆ."

"ಇದಕ್ಕೆ ಹುಡ್ಡು ಕೂರಿಸಾಕೆ ಬರುತ್ತಾ ಭಾವನೋರಿಗೆ? ಅಡಿಕೆ ಸುಲಿದಂಗೆ ಅಲ್ಲ ಇದು."

"ಲಾರಿಗೆ ತಾಡಪಾಲು ಕಟ್ಟಿದಂಗೂ ಅಲ್ಲ."

ಆ ಮಾತು ನಾಟಿತು. ಅಣ್ಣ ಚೀಲವನ್ನು ಜಗುಲಿಯ ಮೇಲೆಸೆದು, ಕಾರಿನ ಎಡಗಡೆಗೆ ಹೋಗಿ ಬಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದ. ನೆರವು ಕೊಡಲು ಹಿಡಿದದ್ದಲ್ಲ ಅದು. ತೋರಿಸಿಬಿಡುತ್ತೇನೆ ಅಂತ ಹಿಡಿದದ್ದು.

ಬಿಸಿಲಿಗೆ ಸ್ವಲ್ಪ ಹೊತ್ತು ಹಾಕಿದ್ದರೆ ಕ್ಯಾನ್‌ವಾಸು ಮೆತ್ತಗಾಗುತ್ತಿತ್ತೋ ಏನೋ. ಇಬ್ಬರಿಗೂ ಆ ತಾಳ್ಮೆ ಎಲ್ಲಿಂದ ಬರಬೇಕು? ಅಣ್ಣ ಲಾರಿಯ ಹಗ್ಗ ಜಗ್ಗುವವನ ಹಾಗೆ ಒಂದು ಕಾಲನ್ನು ಚಕ್ರಕ್ಕೆ ಕೊಟ್ಟು ಜಗ್ಗಿದ. ನಡುವಿನ ಹೊಲಿಗೆ ಅವನ ಕಡೆಗೆ ಸರಿಯಿತು. ಅದನ್ನು ನೋಡಿ ಇವರು ಹಲ್ಲು ಕಚ್ಚಿ ತಮ್ಮ ಕಡೆಗೆ ಎಳೆದರು.

"ಮೆಲ್ಲಗೆ ಎಳೀರಿ, ಹರೀತೈತೆ," ಅಂತ ನಾನು ಕೂಗಿದೆ.

"ನೀನು ಒಳಗೆ ಹೋಗು," ಅಂದರು ಗಂಡ.

"ನೀನು ಒಳಗೆ ಹೋಗು," ಅಂದ ಅಣ್ಣನೂ. ಮದುವೆಯಾದ ಮೇಲೆ ಇಬ್ಬರೂ ಒಂದೇ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನಾನು ಹೋಗಲಿಲ್ಲ. ಜಗುಲಿಯ ಮೇಲೆ ಕೂತು ನೋಡಿದೆ. ಅಣ್ಣ ಬೆವರು ಒರೆಸಿಕೊಳ್ಳಲು ಒಂದು ಕೈ ಬಿಟ್ಟ. ಆ ಗಳಿಗೆಗೇ ಕಾದಿದ್ದವರಂತೆ ಇವರು ಬಟ್ಟೆಯನ್ನು ತಮ್ಮ ಕಡೆಗೆ ಸೆಳೆದು, ಟಪ ಟಪ ಅಂತ ಮೊಳೆ ಹೊಡೆದುಬಿಟ್ಟರು. ಹೆಚ್ಚಾಗಿ ಇಳಿಬಿದ್ದ ಬಟ್ಟೆಯನ್ನು ಯಾರೂ ತಡೆಯುವ ಮುಂಚೆಯೇ ಕತ್ತರಿಯಿಂದ ಕಚಕಚ ಕತ್ತರಿಸಿದರು. ಇವರ ಕಡೆ ಹುಡ್ಡು ಮದ್ದಳೆಯ ಚರ್ಮದ ಹಾಗೆ ಬಿಗಿಯಾಗಿ ಕೂತಿತು. ಎಡಗಡೆ ಬಾಗಿಲ ಮೇಲೆ ಒಂದು ಗೇಣು ಬಟ್ಟೆ ಸಾಲಲಿಲ್ಲ.

"ನೋಡಿದ್ಯಾ ನಿನ್ನ ಗಂಡನ ಬುದ್ಧಿ?" ಅಂದ ಅಣ್ಣ ನನ್ನ ಕಡೆ ತಿರುಗಿ.

"ಅವನು ಕೈ ಬಿಟ್ಟಿದ್ದಕ್ಕೆ ಹಿಂಗಾತು," ಅಂದರು ಇವರು.

ಎಡಗಡೆ ನಾನು ಕೂರುವ ಸೀಟು. ಅದು ಇಬ್ಬರ ಬಾಯಲ್ಲೂ ಬರಲಿಲ್ಲ.

ಅಣ್ಣ ನಮ್ಮ ಮನೆಯಲ್ಲಿ ನೀರು ಕೂಡ ಕುಡಿಯದೆ ಚನ್ನಗಿರಿಯಲ್ಲೇ ಇದ್ದ ನಮ್ಮ ದೂರದ ನೆಂಟರ ಮನೆಗೆ ಹೋಗಿ ಉಳಿದ. ಮರುದಿನ ನಾನು ಪಂಚಮಿಗೆ ತೆಗೆದಿಟ್ಟಿದ್ದ ಹೊಸ ಸೀರೆ ಉಟ್ಟು ಆ ಗೇಣು ಕಂಡಿಯ ಕೆಳಗೆ ಕೂತೆ. ಸಂತೇಬೆನ್ನೂರು ದಾಟುವಷ್ಟರಲ್ಲಿ ಜಿಟಿಜಿಟಿ ಶುರುವಾಯಿತು. ಕಾರು ಓಡಿದ ಹಾಗೆ ಹುಡ್ಡಿನ ಮೇಲೆ ಬಿದ್ದ ನೀರೆಲ್ಲ ಒಟ್ಟಾಗಿ ಕಂಡಿಯಿಂದ ನನ್ನ ಹೆಗಲಿಗೆ ಸುರಿಯಿತು. ಹುಡ್ಡು ಇಲ್ಲದಾಗ ಮಳೆಯಾದರೂ ಇಬ್ಬರ ಮೇಲೂ ಬೀಳುತ್ತಿತ್ತು. ಇವರು ಒಣ ಅಂಗಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

"ರೀ, ಎಲ್ಲಾದರೂ ನಿಲ್ಲಿಸ್ರಿ."

"ಆ ಕಡೆ ಎಳೆದೋನು ನಿಮ್ಮಣ್ಣ. ಅವನ್ನೇ ಕೇಳು."

ದಾವಣಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿ ನಿಧಾನವಾದಾಗ ಬಾಗಿಲು ತೆಗೆದು ಇಳಿದೆ. ಮತ್ತೆ ಒಳಕ್ಕೆ ಬಗ್ಗಿ ಸೀರೆಯ ಸೆರಗು ಹಿಂಡಿದೆ. ನೀರು ಅವರ ಸೀಟಿನ ಮೇಲೆ ಬಿತ್ತು. ಬೇಕಂತಲೇ ಹಿಂಡಿದ್ದೆ.

"ಹತ್ತು ಗಾಡಿ!" ಅಂತ ಕೂಗಿದರು. ಜನ ನೋಡುತ್ತಿದ್ದರು.

"ನಿಮ್ಮ ಹುಡ್ಡಿನ ಕೆಳಗೆ ನೀವೇ ಕೂತ್ಕೊಳ್ರಿ," ಅಂದು ಜಗಳೂರು ಬಸ್ಸಿನತ್ತ ನಡೆದೆ.

ಚನ್ನಗಿರಿಯಿಂದ ಬೆಳಗಿನ ಬಸ್ಸಿಗೇ ಬಂದಿದ್ದ ಅಣ್ಣ ಅದರಲ್ಲಿ ಮೊದಲೇ ಕೂತಿದ್ದ. ತೊಯ್ದ ನನ್ನನ್ನು ನೋಡಿದ ಕೂಡಲೇ ಅವನ ಮುಖ ಅರಳಿತು. ಮರುಕದಿಂದಲ್ಲ, ಗೆದ್ದೆ ಅಂತ. "ಬಾ ತಂಗಿ, ಕೂತ್ಕೋ. ನಾನು ಅವತ್ತೇ ಹೇಳಿರ್ಲಿಲ್ಲೇನು?"

"ನೀನು ನನ್ನ ಕೂಡ ಮಾತಾಡಬ್ಯಾಡ," ಅಂದೆ. ಹಿಂದೆ ಹೋಗಿ, ಸೊಕ್ಕೆಗೆ ಹೊರಟಿದ್ದ ಒಬ್ಬ ಮುದುಕಿಯ ಪಕ್ಕದಲ್ಲಿ ಕೂತೆ. ಆಕೆ ಏನೂ ಕೇಳದೆ ತನ್ನ ಕಂಬಳಿಯ ಒಂದು ತುದಿಯನ್ನು ನನ್ನ ಕಡೆಗೆ ತಳ್ಳಿದಳು. ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಕಾರು ಚನ್ನಗಿರಿಯ ಕಡೆಗೆ ಮೂತಿ ತಿರುಗಿಸುತ್ತಿತ್ತು.

ಆ ಸಲ ಪಂಚಮಿಯ ಉಂಡೆ ತಿನ್ನಲು ಬಂದವರಿಗೆಲ್ಲ ಅಣ್ಣ ಹುಡ್ಡಿನ ಕತೆಯನ್ನು ರೆಕ್ಕೆಪುಕ್ಕ ಕಟ್ಟಿ ಹೇಳಿದ. ಕತೆಯಲ್ಲಿ ಅವನು ಕೈ ಬಿಟ್ಟದ್ದು ಇರಲಿಲ್ಲ. ಹಬ್ಬ ಮುಗಿದರೂ ನನ್ನನ್ನು ಕರೆದೊಯ್ಯಲು ಚನ್ನಗಿರಿಯಿಂದ ಯಾರೂ ಬರಲಿಲ್ಲ. ಕಳಿಸುತ್ತೇನೆ ಅಂತ ಅಣ್ಣನೂ ಎದ್ದು ನಿಲ್ಲಲಿಲ್ಲ. ಅವನ ಪ್ರಕಾರ ಇವರು ಬಂದು ಕೈ ಮುಗಿಯಬೇಕಿತ್ತು, ಇವರ ಪ್ರಕಾರ ಅವನು. ಕಾದು ಕಾದು ಬೇಸತ್ತು, ಒಂದು ದಿನ ಟ್ರಂಕು ಹಿಡಿದು ನಾನೊಬ್ಬಳೇ ಬಸ್ಸು ಹತ್ತಿದೆ. ಹೆಣ್ಣುಮಗಳು ಗಂಡನ ಮನೆಗೆ ತಾನೇ ಬಂದದ್ದು ಓಣಿಗೆಲ್ಲ ಸುದ್ದಿಯಾಯಿತು.

ಇವರು ಊಟಕ್ಕೆ ಕೂತಿದ್ದರು. "ಬಂದ್ಯಾ," ಅಂದರು.

"ಬಸ್ಸಿನಾಗೆ ಬಂದೆ," ಅಂದೆ.

ಕಾರಿನ ಕಂಡಿಗೆ ರೆಕ್ಸಿನ್ ತುಂಡೊಂದನ್ನು ಅಂಟಿಸಿದ್ದರು. ಬೇರೆ ಬಣ್ಣದ್ದು. ಅದು ನನಗೋಸ್ಕರವೋ, ನೋಡುವವರು ನಗಬಾರದು ಅಂತಲೋ, ಕೇಳಲಿಲ್ಲ. ಅಂದಿನಿಂದ ಎಲ್ಲಿಗೆ ಹೋದರೂ ನಾನು ಬಸ್ಸೇ. ಮದುವೆಗಳಿಗೆ ಅವರು ಕಾರಿನಲ್ಲಿ, ನಾನು ಬಸ್ಸಿನಲ್ಲಿ ಬೇರೆ ಬೇರೆ ಹೊತ್ತಿಗೆ ಮುಟ್ಟುತ್ತಿದ್ದೆವು. ಅಣ್ಣನ ಮಗಳ ಮದುವೆಯಲ್ಲಿ ಇಬ್ಬರು ಗಂಡಸರೂ ಒಂದೇ ಜಮಖಾನೆಯ ಎರಡು ತುದಿಯಲ್ಲಿ ಬೆನ್ನು ಹಾಕಿ ಕೂತಿದ್ದರು.

ಎಂಬತ್ತರ ದಶಕದ ನಡುವೆ ನ್ಯಾಮತಿಯವರೊಬ್ಬರು ಬಂದು ಕಾರನ್ನು ಕೇಳಿದರು. ಬಿಡಿ ಸಾಮಾನು ಸಿಗದೆ ಅದು ತಿಂಗಳಲ್ಲಿ ಹದಿನೈದು ದಿನ ಮಲಗಿಯೇ ಇರುತ್ತಿತ್ತು. ಮಾತು ಮುಗಿಯಿತು. ಒಯ್ಯುವ ಹಿಂದಿನ ಸಂಜೆ ಇವರು ಅದನ್ನು ತೊಳೆದು, ಹುಡ್ಡು ಮಡಚಿ, ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

"ಉಬ್ರಾಣಿ ಮಟ ಒಂದು ರೌಂಡ್ ಹೋಗಿ ಬರಾಣ, ಬರ್ತೀಯಾ?"

ಅಷ್ಟು ಮೆತ್ತಗಿನ ದನಿಯಲ್ಲಿ ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಕಡಿಮೆ.

"ಹಿಟ್ಟು ಕಲಸಿಟ್ಟೀನಿ," ಅಂದೆ. ಕಲಸಿರಲಿಲ್ಲ, ಅದು ಅವರಿಗೂ ಕಾಣುತ್ತಿತ್ತು.

ಇವರು ಕಾರು ಹತ್ತಿ ಒಬ್ಬರೇ ಹೋದರು.