ಅರ್ಧ ತೊಳೆದ ಹಾಳೆಗಳು

ಗಾಯದ ಮೇಲೆ ಅಂಟಿಸುವ ಸಿಲಿಕೋನ್ ಜೆಲ್ ಹಾಳೆ ತಯಾರಿಸುವ ಕಾರ್ಖಾನೆಯಲ್ಲಿ ಅವಳದು ತೊಳೆಯುವ ಕೋಣೆ. ಅಚ್ಚಿನಿಂದ ಬಂದಾಗ ಹಾಳೆ ಗಾಜಿನಂತೆ ಗಡುಸು. ಎಂಟು ಗಂಟೆ ಸ್ಪಿರಿಟ್‌ನಲ್ಲಿ ಅದ್ದಿಟ್ಟರೆ, ಗಟ್ಟಿಯಾಗದೆ ಒಳಗುಳಿದ ರಸಾಯನವೆಲ್ಲ ಹೊರಬರುತ್ತದೆ. ಆಮೇಲೆ ನೀರಿಗೆ ಹಾಕಿದರೆ ನೀರು ಕುಡಿದು, ಉಬ್ಬಿ, ಮಗುವಿನ ಕೆನ್ನೆಯಂತೆ ಮೆತ್ತಗಾಗುತ್ತದೆ. ಹದಿನಾಲ್ಕು ವರ್ಷ ಅವಳು ಒಂದು ನಿಮಿಷವನ್ನೂ ಬಿಟ್ಟುಕೊಟ್ಟವಳಲ್ಲ. ಜೊತೆಯವರು ‘ಗಡಿಯಾರದಕ್ಕ’ ಎನ್ನುತ್ತಿದ್ದರು. ಸೀನಬೇಕಾದರೂ ಟೈಮ್ ನೋಡ್ತಾಳೆ ಎಂದು ನಗುತ್ತಿದ್ದರು.

ಕೆಲಸ ಕೊಡಿಸಿದ್ದು ಅಕ್ಕನ ಗಂಡ. ಅಲ್ಲಿ ಅವನೇ ಮೇಲ್ವಿಚಾರಕ. ಗಂಡ ತೀರಿಕೊಂಡ ಮೇಲೆ ಅವಳು ಇದ್ದದ್ದೂ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲೇ.

ಆ ವರ್ಷ ಬೇಡಿಕೆ ಏಕಾಏಕಿ ಏರಿ ತೊಟ್ಟಿಗಳು ಸಾಲದಾದವು. ಎಂಟರ ಬದಲು ಮೂರೇ ಗಂಟೆಯಲ್ಲಿ ಹಾಳೆ ತೆಗೆಯಬೇಕೆಂದು ಭಾವ ಹೇಳಿದ. ಅವಳು ಮೂರು ಗಂಟೆ ನೆನೆದ ಒಂದನ್ನು ಎತ್ತಿ ಮೂಸಿದಳು. ಘಾಟು ಹಾಗೇ ಇತ್ತು.

“ಇದು ಹಸಿ ಗಾಯದ ಮೇಲೆ ಕೂರೋದು ಭಾವ. ಉರಿಯುತ್ತೆ.”

“ಅದೆಲ್ಲ ನಾನು ನೋಡ್ಕೋತೀನಿ. ನೀನು ಎಂಟು ಗಂಟೆ ಅಂತ ಬರೆದು ಸಹಿ ಹಾಕು.”

ಉಂಡ ಮನೆಗೆ ಎರಡು ಬಗೆಯುವುದು ಹೇಗೆ? ಸಹಿ ಹಾಕಿದಳು. ಹನ್ನೊಂದು ದಿನ ಹಾಕಿದಳು.

ಎರಡು ತಿಂಗಳಿಗೆ ಆಸ್ಪತ್ರೆಗಳಿಂದ ದೂರು ಬಂತು: ಗಾಯದ ಸುತ್ತ ಚರ್ಮ ಬೆಂದಂತೆ ಸುಲಿಯುತ್ತಿದೆ. ಒಬ್ಬ ಬಸ್ ಡ್ರೈವರ್‌ಗಂತೂ ಮಾಯುತ್ತಿದ್ದ ಹಿಮ್ಮಡಿಯ ಹುಣ್ಣು ಮತ್ತೆ ಬಾಯಿಬಿಟ್ಟು, ಕೀವು ಮೂಳೆಗಿಳಿದು, ಪಾದವನ್ನೇ ತೆಗೆದಿದ್ದರು.

ದೂರಿನ ವಿಚಾರಣೆಯ ಹಿಂದಿನ ದಿನ ಅಕ್ಕ ಅವಳ ಕೋಣೆಗೆ ಬಂದು ಕೈ ಹಿಡಿದುಕೊಂಡಳು. “ನಿನಗೆ ಮಕ್ಕಳಿಲ್ಲ, ಮರಿಯಿಲ್ಲ. ನಂದೇ ತಪ್ಪು ಅಂತ ಹೇಳ್ಬಿಡೇ.”

ಮರುದಿನ ಅವಳು ಅಧಿಕಾರಿಗಳ ಮುಂದೆ, ಭಾವನ ಎದುರಿಗೇ, ಇದ್ದದ್ದನ್ನು ಇದ್ದಂತೆ ಹೇಳಿದಳು. “ಬೇಗ ತೆಗಿ ಅಂದಿದ್ದು ಅವರು. ಗೊತ್ತಿದ್ದೂ ಸುಳ್ಳು ಬರೆದಿದ್ದು ನಾನು.”

ಇಬ್ಬರ ಕೆಲಸವೂ ಹೋಯಿತು. ಸಂಜೆ ಮನೆಗೆ ಬಂದರೆ ಅವಳ ಪೆಟ್ಟಿಗೆ ಹೊಸ್ತಿಲಾಚೆ ಇತ್ತು. ಒಳಗೆ ಅಕ್ಕ ಪಾತ್ರೆ ಜೋಡಿಸುತ್ತಿದ್ದ ಸದ್ದು. ಹೊರಗಿನಿಂದ ‘ಅಕ್ಕಾ’ ಎಂದು ಕರೆದಳು. ಸದ್ದು ನಿಲ್ಲಲಿಲ್ಲ.

ಆ ವಾರವೇ ಡ್ರೈವರ್‌ನನ್ನು ಹುಡುಕಿಕೊಂಡು ವಾರ್ಡಿಗೆ ಹೋಗಿ, ತಾನು ಯಾರೆಂದು ಹೇಳಿದಳು. ಆತ ಬೈಯಲಿಲ್ಲ. ಹೊದಿಕೆಯಡಿ ಕಾಲು ಮುಗಿದುಹೋದ ಜಾಗವನ್ನೇ ನೋಡುತ್ತ ಕೇಳಿದ:

“ಆವತ್ತೇ ಹೇಳಿದ್ರೆ ಆಗ್ತಿರಲಿಲ್ವಾ ತಾಯಿ?”

ನರ್ಸ್ ಬಂದು, ಡ್ರೆಸ್ಸಿಂಗ್ ಬಿಚ್ಚಬೇಕು, ಹೊರಗೆ ಹೋಗಿ ಎಂದಳು.

ಈಗ ಬೇರೆ ಊರಿನ ಲಾಂಡ್ರಿಯೊಂದರಲ್ಲಿ ಬಟ್ಟೆ ಮಡಚುತ್ತಾಳೆ. ಅಕ್ಕನಿಗೆ ಮೂರು ಪತ್ರ ಬರೆದಳು. ಮೂರೂ ಒಡೆಯದೆ ವಾಪಸ್ ಬಂದವು.